ಮರ ಸವರುವ ಕಸುಬು ಬೆಳೆಸಲು ಮೊದಲು ಯಾವ ಮಿಷನ್?

ಮೂರು ನಾಲ್ಕು ಜನ ಸೇರಿ ಮರ ಸವರುವ ಕೆಲಸ ಮಾಡುವವರ ಕೈಯಲ್ಲಿ ಒಂದಿಷ್ಟು ದುಡ್ಡು ಸೇರಿತೆಂದರೆ, ಕಣ್ಣು ಮೊದಲು ಹೋಗುವುದು ಅಂಗಡಿಯ ದೊಡ್ಡ ಚೈನ್‌ಸಾ ಮೇಲೆ. ಮೈಸೂರಿನ ಬಡಾವಣೆಗಳಲ್ಲಿ ಕೆಲಸ ಮಾಡುವವರಾಗಲಿ, ಸಕಲೇಶಪುರದ ಕಡೆ ಕಾಫಿ ತೋಟಗಳಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಹಿಡಿಯುವವರಾಗಲಿ, ಇದರಲ್ಲಿ ವ್ಯತ್ಯಾಸವಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ದೊಡ್ಡ ಚೈನ್‌ಸಾ ಪಟ್ಟಿಯ ಕೊನೆಯಲ್ಲಿರಬೇಕು. ಮರ ಉರುಳಿಸುವವರಿಗೆ ಅದು ಬೇಕು. ಮನೆ ಮುಂದಿನ ಗುಲ್‌ಮೊಹರ್, ಅಪಾರ್ಟ್‌ಮೆಂಟಿನ ಮಳೆಮರ, ಶಾಲೆಯ ಕಾಂಪೌಂಡಿಗೆ ಒರಗಿದ ಹೊಂಗೆ ಇಂಥವನ್ನು ನೋಡಿಕೊಳ್ಳುವವರಿಗೆ ಬೇಕಾಗುವುದೇ ಬೇರೆ.

ಯಾಕೆಂದರೆ ದಿನ ಹಾಳಾಗುವುದು ಕೊಯ್ಯುವುದರಲ್ಲಲ್ಲ. ಮುಂದಿನ ಕೆಲಸದಲ್ಲಿ ಒಮ್ಮೆ ಗಡಿಯಾರ ಹಿಡಿದು ನೋಡಿ. ಮಿಷನ್ ನಿಜವಾಗಿ ಓಡಿದ್ದು ಎಷ್ಟು ಹೊತ್ತು? ಏಣಿ ಸರಿಸಿದ್ದು, ಹಗ್ಗ ಕಟ್ಟಿದ್ದು, ಕೊಂಬೆ ಬಿದ್ದರೆ ಹೆಂಚು ಒಡೆದೀತೆಂದು ಕಾದು ನಿಂತದ್ದು, ಬಿದ್ದ ರೆಂಬೆಗಳನ್ನು ಗೇಟಿನ ಆಚೆ ಎಳೆದದ್ದು, ಗಾಡಿಗೆ ತುಂಬಿದ್ದು, ಅದನ್ನು ಎಲ್ಲೋ ಸುರಿದು ಬಂದದ್ದು ಎಷ್ಟು ಹೊತ್ತು? ಪೇಟೆಯ ಕೆಲಸದಲ್ಲಿ ಒಬ್ಬ ಮರದ ಮೇಲೆ ಎರಡು ಗಂಟೆ ಕೊಯ್ದದ್ದನ್ನು ಕೆಳಗಿನವರು ದಿನವಿಡೀ ಎತ್ತಿ ಸಾಗಿಸುವುದು ಮಾಮೂಲು. ಅಂಥ ಕಡೆ 70 ಸಿಸಿಯ ಮಿಷನ್ ತಂದರೆ ಎರಡು ಗಂಟೆ ಒಂದೂವರೆ ಆಗಬಹುದು. ಉಳಿದ ದಿನ ಹಾಗೇ ಇರುತ್ತದೆ. ಆದ್ದರಿಂದ ಯಾವ ಮಿಷನ್ ಎಂದು ಕೇಳುವ ಮೊದಲು, ನಿಮ್ಮ ತಂಡದಲ್ಲಿ ಯಾರು ಯಾರಿಗಾಗಿ ಕಾಯುತ್ತಾ ನಿಂತಿರುತ್ತಾರೆ ಎಂದು ನೋಡಿ. ಕೆಳಗಿನವರು ಮೇಲಿನವನಿಗಾಗಿ ಕಾಯುತ್ತಿದ್ದರೆ ಹತ್ತುವ ಸಾಮಾನಿಗೆ ದುಡ್ಡು ಹಾಕಿ. ಮೇಲಿನವನು ಕೆಳಗಿನವರಿಗಾಗಿ ಕಾಯುತ್ತಿದ್ದರೆ ಇಳಿಸುವ, ಸಾಗಿಸುವ ಸಾಮಾನಿಗೆ ಹಾಕಿ.

ಗರಗಸ: ಒಂದು ದೊಡ್ಡದೋ, ಎರಡು ಸಣ್ಣವೋ?

ಸಣ್ಣವು ಎರಡು. ಇದರಲ್ಲಿ ನನಗೆ ಅನುಮಾನವಿಲ್ಲ. 32 ಸಿಸಿ ಆಸುಪಾಸಿನ, ಬಾರ್ (ಚೈನ್ ಸುತ್ತುವ ಉದ್ದ ಪಟ್ಟಿ) ಬಿಟ್ಟು ಸುಮಾರು 4 ಕೆಜಿ ತೂಗುವ ಮಿಷನ್ ಸವರುವ ಕೆಲಸದ ಬಹುಪಾಲನ್ನು ಮುಗಿಸುತ್ತದೆ. ಸ್ಟಿಲ್ ಕಂಪನಿಯ ಎಂಎಸ್ 180 ಈ ವರ್ಗದ್ದು. ಅದೇ ಕಂಪನಿಯ ಎಂಎಸ್ 250 ಒಂದು ಮೆಟ್ಟಿಲು ಮೇಲೆ: 45 ಸಿಸಿ, ನಾಲ್ಕೂವರೆ ಕೆಜಿಗೆ ತುಸು ಹೆಚ್ಚು. ಹಸ್ಕ್‌ವರ್ನಾದಲ್ಲೂ ಇದಕ್ಕೆ ಸರಿಜೋಡಿಗಳಿವೆ. 70 ಸಿಸಿ ದಾಟಿದ ಮಿಷನ್ ಬಾರ್, ಚೈನ್, ಪೆಟ್ರೋಲು ಎಲ್ಲ ಸೇರಿ 8 ಕೆಜಿ ಹತ್ತಿರ ತೂಗುತ್ತದೆ. ನೆಲದ ಮೇಲೆ ದಿಮ್ಮಿ ತುಂಡು ಮಾಡಲು ಅದು ಹೇಳಿ ಮಾಡಿಸಿದ್ದು. ಮರದ ಮೇಲೆ, ಒಂದು ಕಾಲು ಕವಲಿನಲ್ಲಿಟ್ಟು ನಿಂತವನ ಕೈಯಲ್ಲಿ ಅದು ಅಪಾಯ. ದಪ್ಪ ಬೊಡ್ಡೆ ಕೊಯ್ಯುವ ಕೆಲಸ ವರ್ಷಕ್ಕೆ ನಾಲ್ಕಾರು ಬಾರಿ ಬಂದರೆ, ದೊಡ್ಡ ಮಿಷನ್ ಇಟ್ಟುಕೊಂಡು ದಿನಗೂಲಿಗೆ ಬರುವವರು ಪ್ರತಿ ಹೋಬಳಿಯಲ್ಲೂ ಸಿಗುತ್ತಾರೆ. ಅವರನ್ನು ಕರೆಸಿ, ಕೂಲಿ ಕೊಟ್ಟು ಕಳಿಸಿ.

ಎರಡು ಯಾಕೆ? ಚೈನ್ ಸಿಕ್ಕಿಹಾಕಿಕೊಂಡಾಗ ಬಿಡಿಸಲು ಇನ್ನೊಂದು ಬೇಕು. ಒಂದು ಕೈಕೊಟ್ಟರೆ ನಾಲ್ಕು ಜನರ ಕೂಲಿ ನಿಂತಲ್ಲೇ ಹೋಗುತ್ತದೆ. ಒಂದೇ ಮಾದರಿಯ ಎರಡು ಕೊಂಡರೆ ಚೈನ್, ಪ್ಲಗ್, ಫಿಲ್ಟರ್, ಅರ ಎಲ್ಲವೂ ಎರಡಕ್ಕೂ ಆಗುತ್ತವೆ. ಅರದ ವಿಷಯದಲ್ಲಿ ಹಲವರು ಎಡವುತ್ತಾರೆ. ಸಣ್ಣ ಮಿಷನ್‌ಗಳ ತೆಳು 3/8 (ಕೊಂಡಿಗಳ ಅಂತರ, ಇಂಚಿನಲ್ಲಿ) ಚೈನಿಗೆ 4 ಮಿಮೀ ದುಂಡರ, .325 ಚೈನಿಗೆ 4.8 ಮಿಮೀ. ಬೇರೆ ಅಳತೆಯ ಅರ ಹಾಕಿ ಉಜ್ಜಿದರೆ ಚೈನು ಹೊಳೆಯುತ್ತದೆ, ಕೊಯ್ಯುವುದಿಲ್ಲ. ಕೊಯ್ದಾಗ ಚಕ್ಕೆ ಬೀಳುವುದು ನಿಂತು ಹಿಟ್ಟಿನಂಥ ಪುಡಿ ಬರತೊಡಗಿದರೆ ಚೈನ್ ಮೊಂಡಾಗಿದೆ ಎಂದರ್ಥ. ಮಿಷನ್ ಸಾಲದು ಎಂದು ದೂರುವವರಲ್ಲಿ ಅರ್ಧಕ್ಕರ್ಧ ಜನರಿಗೆ ಬೇಕಿರುವುದು ಹೊಸ ಮಿಷನ್ ಅಲ್ಲ, ಅರ.

ಹತ್ತು ಸಾವಿರದೊಳಗೆ ಸಿಗುವ, ಮೈಮೇಲೆ 58 ಸಿಸಿ ಎಂದು ಬರೆದಿರುವ ಹೆಸರಿಲ್ಲದ ಮಿಷನ್‌ಗಳ ವಿಷಯ. ಅವು ಓಡುವುದೇ ಇಲ್ಲ ಎಂದೇನಲ್ಲ. ಸ್ವಂತ ತೋಟದಲ್ಲಿ ವರ್ಷಕ್ಕೆರಡು ಸಲ ಸೌದೆ ಕೊಯ್ಯುವವರಿಗೆ ಸಾಕು. ದಿನವೂ ಹೊರಗೆ ಹೋಗಿ ದುಡಿಯುವವರಿಗೆ ಅವುಗಳ ತೊಂದರೆ ತೂಕ, ನಡುಕ ಮತ್ತು ಬಿಡಿಭಾಗ. ಒಂದು ಸಾಲು ಮಿಷನ್‌ಗೆ ಬರುವ ಕಾರ್ಬುರೇಟರ್ ಮುಂದಿನ ಸಾಲಿಗೆ ಕೂರುವುದಿಲ್ಲ. ಕೊಳ್ಳುವ ಮುನ್ನ ಚೈನ್ ಬ್ರೇಕ್ ನಿಜವಾಗಿ ಹಿಡಿಯುತ್ತದೆಯೇ ಎಂದಾದರೂ ನೋಡಿ. ಮಿಷನ್ ಓಡುವಾಗ ಮುಂದಿನ ಗಾರ್ಡ್ ತಳ್ಳಿದರೆ ಚೈನು ಆ ಕ್ಷಣ ನಿಲ್ಲಬೇಕು. ಹೆಸರಾಂತ ಕಂಪನಿಯ ಮಿಷನ್ ಕೊಳ್ಳುವಾಗಲೂ ನಾನು ಮೊದಲು ಕೇಳುವುದು ಸರ್ವಿಸ್ ಎಲ್ಲಿ ಎಂದು. ಸರ್ವಿಸ್ ಬೆಂಗಳೂರಿನಲ್ಲಿ ಮಾತ್ರ ಇದ್ದು ನೀವು ಚಾಮರಾಜನಗರದಲ್ಲಿದ್ದರೆ, ಎರಡನೇ ದರ್ಜೆಯದಾದರೂ ಊರಲ್ಲೇ ರಿಪೇರಿಯಾಗುವ ಮಿಷನ್ ಮೇಲು.

ಬ್ಯಾಟರಿ ಮಿಷನ್‌ಗಳನ್ನು ಆಟಿಕೆ ಎಂದು ತಳ್ಳಿಹಾಕುವ ಕಾಲ ಹೋಯಿತು. ಪೇಟೆಯ ಕೆಲಸಕ್ಕೆ, ಅದರಲ್ಲೂ ಆಸ್ಪತ್ರೆ, ಶಾಲೆ, ಅಪಾರ್ಟ್‌ಮೆಂಟುಗಳಿಗೆ, ಸದ್ದು ಕಡಿಮೆ ಎನ್ನುವುದೇ ದೊಡ್ಡ ಬಂಡವಾಳ. ಮರದ ಮೇಲೆ ಹಗ್ಗ ಎಳೆದು ಸ್ಟಾರ್ಟ್ ಮಾಡುವ ಗೋಜಿಲ್ಲ. ಕೊಯ್ಯದ ಹೊತ್ತಿನಲ್ಲಿ ಅದು ಸುಮ್ಮನಿರುವುದರಿಂದ ಮೇಲಿನವನೂ ಕೆಳಗಿನವನೂ ಮಾತಾಡಬಹುದು. ಜೀವ ಉಳಿಸುವುದು ಎಷ್ಟೋ ಸಲ ಆ ಮಾತೇ. ಆದರೆ ಹೆಚ್ಚುವರಿ ಬ್ಯಾಟರಿಯ ಬೆಲೆ ಕೇಳದೆ ಕೊಳ್ಳಬೇಡಿ. ಒಂದೇ ಬ್ಯಾಟರಿಯಲ್ಲಿ ದಿನದ ಕೆಲಸ ಆಗುವುದಿಲ್ಲ, ತೋಟದ ನಡುವೆ ಚಾರ್ಜಿಗೆ ಜಾಗವಿರುವುದಿಲ್ಲ. ಪೇಟೆಯವರಿಗೆ ಒಂದು ಪೆಟ್ರೋಲಿನದು, ಒಂದು ಬ್ಯಾಟರಿಯದು. ತೋಟದವರಿಗೆ ಎರಡೂ ಪೆಟ್ರೋಲಿನವು. ಆನ್‌ಲೈನಿನಲ್ಲಿ ಸಿಗುವ ಆರಿಂಚಿನ ಕೈಮಿಷನ್‌ಗಳು ದಾಳಿಂಬೆ, ನಿಂಬೆ ಗಿಡಗಳಿಗೆ ಸರಿ.

ಪೆಟ್ರೋಲಿನ ಬಗ್ಗೆ ಒಂದೇ ಮಾತು. ಈಗ ಬಂಕಿನಲ್ಲಿ ಸಿಗುವುದು ಎಥನಾಲ್ ಬೆರೆತದ್ದು, ಅದು ನೀರು ಹೀರುತ್ತದೆ. ಕಂಪನಿಯ 2ಟಿ ಎಣ್ಣೆ 1 ಲೀಟರಿಗೆ 20 ಮಿಲಿ ಲೆಕ್ಕದಲ್ಲಿ ಬೆರೆಸಿದ್ದನ್ನು ತಿಂಗಳೊಳಗೆ ಮುಗಿಸಿ, ಮಳೆಗಾಲಕ್ಕೆ ಮಿಷನ್ ಒಳಗಿಡುವ ಮುನ್ನ ಟ್ಯಾಂಕ್ ಖಾಲಿ ಮಾಡಿ.

ಇಷ್ಟೆಲ್ಲ ಹೇಳಿದ ಮೇಲೂ, ಮೂರು ನಾಲ್ಕು ಇಂಚಿನೊಳಗಿನ ಕೊಂಬೆಗೆ ಒಳ್ಳೆಯ ಬಾಗಿದ ಕೈಗರಗಸಕ್ಕಿಂತ ಚುರುಕಾದದ್ದು ನಾನು ಕಂಡಿಲ್ಲ. ಎಳೆದಾಗ ಕೊಯ್ಯುವ ಹಲ್ಲಿನದನ್ನೇ ಕೊಳ್ಳಿ. ಮಿಷನ್ ಸ್ಟಾರ್ಟ್ ಮಾಡುವಷ್ಟರಲ್ಲಿ ಕೊಂಬೆ ಕೆಳಗಿರುತ್ತದೆ, ಕೊಯ್ತವೂ ನಯವಾಗಿರುತ್ತದೆ. ಕೊಂಬೆ ಕಾಂಡಕ್ಕೆ ಸೇರುವಲ್ಲಿರುವ ಉಬ್ಬಿದ ಕೊರಳನ್ನು ಉಳಿಸಿ, ಅದರ ಆಚೆ ಕೊಯ್ದರೆ ಗಾಯ ಮುಚ್ಚಿಕೊಳ್ಳುತ್ತದೆ. ತಂಡಕ್ಕೆ ಹೆಸರು ಬರುವುದು ಆ ಗಾಯ ಎರಡು ವರ್ಷದ ನಂತರ ಹೇಗೆ ಕಾಣುತ್ತದೆ ಎಂಬುದರಿಂದ. ತಲೆ ಬೋಳಿಸಿ ಹೋದ ಮರ ಮುಂದಿನ ಗಾಳಿಗೆ ಚಿಗುರು ಸಮೇತ ಮುರಿದು ಬಿದ್ದಾಗ ಮನೆಯವರು ನಿಮ್ಮನ್ನೇ ನೆನೆಯುತ್ತಾರೆ, ಒಳ್ಳೆಯ ಮಾತಿನಲ್ಲಿ ಅಲ್ಲ.

ಮೇಲೆ ಹೋಗುವ ದಾರಿಗಳು

ಏಣಿ, ಹಗ್ಗ, ಆಳನ್ನು ತೊಟ್ಟಿಯಲ್ಲಿ ನಿಲ್ಲಿಸಿ ಮೇಲೆತ್ತುವ ಬಕೆಟ್ ಗಾಡಿ. ಈ ಮೂರರಲ್ಲಿ ತಂಡಗಳು ಸಾಮಾನ್ಯವಾಗಿ ಏಣಿಯಿಂದ ಬಕೆಟ್ ಗಾಡಿಯ ಕನಸಿಗೆ ನೇರ ಜಿಗಿಯುತ್ತವೆ. ನಡುವಿನ ಹಗ್ಗವನ್ನು ಬಿಟ್ಟುಬಿಡುತ್ತವೆ.

ಬಿದಿರೇಣಿ ಅಗ್ಗ, ಹಗುರ. ಮರಗಸಿಯವರ ಕೈಗೆ ಒಗ್ಗಿದ್ದು. ಸಿಲ್ವರ್ ಓಕಿನಂಥ ನೆಟ್ಟನೆಯ ಮರಕ್ಕೆ ಅದು ಇಂದಿಗೂ ಸರಿ. ಆದರೆ ಏಣಿ ನಿಮ್ಮನ್ನು ಕಾಂಡದ ಬಳಿ ಬಿಡುತ್ತದೆ, ಕೊಂಬೆಯ ತುದಿಗೆ ಒಯ್ಯುವುದಿಲ್ಲ. ಹರಡಿದ ಮಳೆಮರದಲ್ಲಿ ಕೆಲಸವಿರುವುದು ತುದಿಯಲ್ಲಿ. ತುದಿಯ ಭಾರ ಇಳಿಸಲಾಗದೆ ಬುಡದಲ್ಲೇ ಇಡೀ ಕೊಂಬೆ ಕತ್ತರಿಸುವುದು ಇದೇ ಕಾರಣಕ್ಕೆ.

ಅಲ್ಲಿಗೆ ಹೋಗಲು ಹಗ್ಗ ಬೇಕು. ಅಂಗಡಿಯ ನೈಲಾನ್ ಹಗ್ಗವಲ್ಲ, ಮನುಷ್ಯನ ಭಾರಕ್ಕೆಂದೇ ಮಾಡಿದ, 11ರಿಂದ 13 ಮಿಮೀ ದಪ್ಪದ, ಎರಡು ಟನ್ನಿಗೂ ಹೆಚ್ಚು ತಾಳುವ ಹಗ್ಗ. ಜೊತೆಗೆ ಕೂರುವ ಪಟ್ಟಿಯಿರುವ ಹಾರ್ನೆಸ್, ತಾನೇ ಲಾಕ್ ಆಗುವ ಕೊಂಡಿಗಳು, ಮರದ ಸುತ್ತ ಹಾಕಿಕೊಳ್ಳುವ ಎರಡನೆಯ ಪಟ್ಟಿ. ಕಟ್ಟಡ ಕೆಲಸದವರು ಹಾಕುವ, ಬೆನ್ನಿನಲ್ಲಿ ಕೊಂಡಿ ಇರುವ ಬೆಲ್ಟ್ ಇದಕ್ಕೆ ಬದಲಿಯಲ್ಲ. ಅದು ಬಿದ್ದವನನ್ನು ಹಿಡಿಯಲು ಮಾಡಿದ್ದು, ಕೂತು ಕೆಲಸ ಮಾಡಲು ಅಲ್ಲ. ನಮ್ಮಲ್ಲಿ ಮರ ಹತ್ತುವ ಸಾಮಾನಿನ ಅಂಗಡಿಗಳು ಕಡಿಮೆ, ಬಂಡೆ ಹತ್ತುವವರಿಗೆ ಮಾರುವವರ ಬಳಿ ಬಹುಪಾಲು ಸಿಗುತ್ತದೆ. ಆದರೆ ಬಂಡೆ ಹತ್ತುವವರ ಹಿಗ್ಗುವ ಹಗ್ಗ ತಂದುಬಿಡಬೇಡಿ. ಹಿಗ್ಗದ, ಸ್ಟಾಟಿಕ್ ಎನ್ನುವ ಬಗೆ ಕೇಳಿ. ಇಡೀ ಸೆಟ್ಟಿನ ಬೆಲೆ ಒಂದೆರಡು ಒಳ್ಳೆಯ ಚೈನ್‌ಸಾಗಳ ಬೆಲೆಯಷ್ಟಾಗಬಹುದು. ಕಸುಬು ಬೆಳೆಸುವ ವಿಷಯದಲ್ಲಿ ಇದಕ್ಕಿಂತ ಹೆಚ್ಚು ಹಿಂದಿರುಗಿಸುವ ಖರ್ಚು ಇನ್ನೊಂದಿಲ್ಲ, ಯಾಕೆಂದರೆ ಏಣಿ ಮಾತ್ರ ಇರುವವರು ಒಪ್ಪಿಕೊಳ್ಳಲಾಗದ ಕೆಲಸ ನಿಮಗೆ ಬರುತ್ತದೆ. ಒಂದೇ ಷರತ್ತು: ತಿಳಿದವರಿಂದ ಕಲಿಯಬೇಕು. ವಿಡಿಯೊ ನೋಡಿ ಗಂಟು ಕಲಿತವನನ್ನು ಹತ್ತಿಸಬೇಡಿ.

ಬಕೆಟ್ ಗಾಡಿ ಕೊಳ್ಳುವ ಮಾತು ಸಣ್ಣ ತಂಡಕ್ಕೆ ಸಲ್ಲ. ಬೀದಿದೀಪದ ಗುತ್ತಿಗೆದಾರರ ಬಳಿ ಬಾಡಿಗೆಗೆ ಸಿಗುತ್ತದೆ. ಒಣಗಿ ನಿಂತ ಮರ, ಟೊಳ್ಳಾದ ಮರ, ಗೆದ್ದಲು ಹಿಡಿದ ಮರ ಇವುಗಳಿಗೆ ಹಗ್ಗ ಕಟ್ಟಲು ನಂಬುವಂಥ ಕವಲೇ ಇರುವುದಿಲ್ಲವಾದ್ದರಿಂದ ಅಲ್ಲಿ ಬಕೆಟ್ಟೇ ಬೇಕು. ಅಂಥ ಕೆಲಸಗಳನ್ನು ಒಂದೇ ದಿನಕ್ಕೆ ಕೂಡಿಸಿಟ್ಟು ಬಾಡಿಗೆ ಹಿಡಿಯಿರಿ, ಬಾಡಿಗೆಯನ್ನು ಗಿರಾಕಿಯ ಬಿಲ್ಲಿನಲ್ಲಿ ಬೇರೆ ಸಾಲಾಗಿ ತೋರಿಸಿ. ಭಾರದ ತುಂಡು ಮನೆಯ ಮೇಲಿಂದ ಎತ್ತಿ ಇಳಿಸಬೇಕಾದಾಗ ಗಂಟೆ ಲೆಕ್ಕದ ಹೈಡ್ರಾ ಕ್ರೇನ್ ಎಲ್ಲ ಊರಲ್ಲೂ ಇದೆ. ಜೆಸಿಬಿ ಬಕೆಟ್ಟಿನಲ್ಲಿ ಆಳನ್ನು ನಿಲ್ಲಿಸಿ ಮೇಲೆತ್ತುವುದನ್ನು ಮಾತ್ರ ಯಾರು ಎಷ್ಟೇ ಧೈರ್ಯ ಹೇಳಿದರೂ ಒಪ್ಪಬೇಡಿ.

ಕರೆಂಟು. ರೆಂಬೆ ಲೈನಿನ ಹತ್ತಿರವಿದ್ದರೆ ಸೆಸ್ಕ್, ಮೆಸ್ಕಾಂ, ಬೆಸ್ಕಾಂ ಯಾವುದೇ ಇರಲಿ, ಅವರಿಂದ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಕರೆಂಟು ತೆಗೆದು ಕೆಲಸಕ್ಕೆ ಕೊಡುವ ಒಪ್ಪಿಗೆ) ಸಿಕ್ಕಿ ಲೈನ್ ಆಫ್ ಆಗಿದೆ ಎಂದು ಲೈನ್‌ಮನ್ ಸ್ಥಳದಲ್ಲಿ ನಿಂತು ಹೇಳುವವರೆಗೆ ಏಣಿ ಎತ್ತಬಾರದು. ಅಲ್ಯೂಮಿನಿಯಂ ಏಣಿಯ ಅಪಾಯ ಎಲ್ಲರಿಗೂ ಗೊತ್ತು. ಕಾರ್ಬನ್ ಫೈಬರ್ ದೋಟಿಯೂ (ನೆಲದಿಂದಲೇ ಕೊಯ್ಯುವ ಉದ್ದ ಕೋಲು) ಕರೆಂಟು ಹರಿಸುತ್ತದೆ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ಅದು ಪ್ಲಾಸ್ಟಿಕ್ಕಿನಂತೆ ಕಾಣುವುದೇ ಮೋಸ. ಹಸಿ ಕೊಂಬೆ ಲೈನಿಗೆ ತಾಗಿದರೂ ಅಷ್ಟೇ.

ಇಳಿಸುವುದು, ಸಾಗಿಸುವುದು

ಕೊಂಬೆ ಇಳಿಸುವ ಹಗ್ಗ ಹತ್ತುವ ಹಗ್ಗದಿಂದ ಬೇರೆಯೇ ಇರಬೇಕು, ಬಣ್ಣವೂ ಬೇರೆಯಿದ್ದರೆ ಒಳ್ಳೆಯದು. 12ರಿಂದ 16 ಮಿಮೀ ಪಾಲಿಯೆಸ್ಟರ್ ಹಗ್ಗ, ಮೇಲಿನ ಕವಲಿಗೆ ಒಂದು ರಾಟೆ, ಬುಡದಲ್ಲಿ ಹಗ್ಗ ಸುತ್ತಿ ಬಿಗಿ ಹಿಡಿಯಲು ಒಂದು ಲೋಹದ ಡ್ರಮ್. ಡ್ರಮ್ ಇಲ್ಲದವರು ಪಕ್ಕದ ಮರದ ಬುಡಕ್ಕೆ ಎರಡು ಸುತ್ತು ಹಾಕಿ ಹಿಡಿಯುತ್ತಾರೆ. ಕೆಲಸ ನಡೆಯುತ್ತದೆ, ಆದರೆ ತೊಗಟೆಯೂ ಹಗ್ಗವೂ ಸವೆಯುತ್ತವೆ, ಮತ್ತು ಒದ್ದೆ ತೊಗಟೆಯ ಹಿಡಿತ ಹೇಗಿರುತ್ತದೋ ಹೇಳಲಾಗದು. ಡ್ರಮ್ಮಿನಿಂದ ಒಬ್ಬ ಮೂವರ ಕೆಲಸ ಮಾಡುತ್ತಾನೆ. ಒಂದು ಮೀಟರ್ ಬಿದ್ದು ಹಗ್ಗದಲ್ಲಿ ನಿಂತ ಕೊಂಬೆ ತನ್ನ ತೂಕದ ಹಲವು ಪಟ್ಟು ಎಳೆಯುತ್ತದೆ, ಹಾಗಾಗಿ ಹಗ್ಗದ ಮೇಲೆ ಬರೆದಿರುವ ಹರಿಯುವ ತೂಕದ ಹತ್ತನೇ ಒಂದು ಪಾಲಿಗಿಂತ ಹೆಚ್ಚು ತೂಗಿಸದಿರುವುದು ವಾಡಿಕೆ. ಹೆಂಚಿನ ಮನೆ, ಸೋಲಾರ್ ಹಂಡೆ, ಕಾರು ಇರುವ ಕಡೆ ಈ ಸಾಮಾನು ಒಂದೇ ಕೆಲಸದಲ್ಲಿ ತನ್ನ ಬೆಲೆ ತೀರಿಸಬಹುದು.

ಸಾಗಿಸುವುದಕ್ಕೆ ಪಿಕಪ್ಪೋ, ಕೊಂಬೆಯನ್ನು ಚೂರು ಮಾಡುವ ಚಿಪ್ಪರ್ರೋ? ಟಾಟಾ ಏಸ್ ವರ್ಗದ ಗಾಡಿ ಮುಕ್ಕಾಲು ಟನ್ ಹೊರುತ್ತದೆ. ಎಲೆಗೊಂಬೆ ತುಂಬಿದಾಗ ಅಷ್ಟು ತೂಕ ಬರುವ ಮೊದಲೇ ಜಾಗ ಮುಗಿದಿರುತ್ತದೆ. ನೀವು ಗಾಳಿಯನ್ನು ಸಾಗಿಸುತ್ತಿರುತ್ತೀರಿ. ಗಾಡಿಯ ಬದಿಗಳಿಗೆ ಎತ್ತರದ ಜಾಲರಿ ಕೂರಿಸಿ, ರೆಂಬೆಯನ್ನು ಉದ್ದಕ್ಕೆ ಜೋಡಿಸಿ, ಮೇಲೆ ಹತ್ತಿ ತುಳಿದರೆ ಒಂದು ಟ್ರಿಪ್ ಉಳಿದೀತು. ಅದಕ್ಕೂ ಮೀರಿ ಟ್ರಿಪ್ ಆಗುತ್ತಿದ್ದರೆ ಚಿಪ್ಪರ್ ಯೋಚಿಸುವ ಕಾಲ ಬಂದಿದೆ.

ಚಿಪ್ಪರ್‌ನಲ್ಲಿ ಎರಡು ಬಗೆ. ಸ್ವಂತ ಪೆಟ್ರೋಲ್ ಎಂಜಿನ್ನಿನ 7 ಎಚ್‌ಪಿ ಆಸುಪಾಸಿನದು ಎರಡು ಮೂರು ಇಂಚಿನ ಕೊಂಬೆ ನುಂಗುತ್ತದೆ. ಗೇಟಿನೊಳಗೆ ತಳ್ಳಿಕೊಂಡು ಹೋಗಬಹುದು. ಕಾಗದದಲ್ಲಿ ಬರೆದ ಇಂಚನ್ನು ನಂಬಬೇಡಿ. ಅದು ನೆಟ್ಟಗಿನ, ಮೆದು ಕೊಂಬೆಯ ಲೆಕ್ಕ. ಒಣಗಿದ ಹುಣಸೆ ಅದರ ಬಾಯಿಗೆ ಕಲ್ಲು. ಇನ್ನೊಂದು, ಟ್ರ್ಯಾಕ್ಟರಿನ ಪಿಟಿಒಗೆ (ಎಂಜಿನ್ನಿನ ಶಕ್ತಿ ಹೊರಗಿನ ಯಂತ್ರಕ್ಕೆ ಕೊಡುವ ತಿರುಗುವ ದಂಡ) ಜೋಡಿಸುವುದು. ನಾಲ್ಕೈದು ಇಂಚಿನವರೆಗೂ ತಡೆಯಿಲ್ಲದೆ ಹೋಗುತ್ತದೆ, ಆದರೆ ಟ್ರ್ಯಾಕ್ಟರ್ ಒಳಗೆ ಬರುವಷ್ಟು ಜಾಗ ಬೇಕು. ತೋಟಗಳ ಕಡೆ ಕೆಲಸ ಮಾಡುವವರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ತೋಟದ ಮಾಲೀಕರ ಟ್ರ್ಯಾಕ್ಟರಿಗೇ ಜೋಡಿಸಬಹುದು, ಪುಡಿಯನ್ನು ಅಲ್ಲೇ ಅಡಿಕೆ, ಕಾಫಿ ಬುಡಕ್ಕೆ ಹೊದಿಕೆ ಹಾಕಬಹುದು, ಸಾಗಣೆಯೇ ಇಲ್ಲ. ಪೇಟೆಯಲ್ಲಿ ಪುಡಿಗೆ ಮೊದಲೇ ಜಾಗ ಗೊತ್ತು ಮಾಡಿಕೊಳ್ಳಿ. ನರ್ಸರಿ, ಅಪಾರ್ಟ್‌ಮೆಂಟಿನ ಗೊಬ್ಬರದ ಗುಂಡಿ ಇಂಥವು. ತೆಂಗಿನ ಗರಿಯೇ ಹೆಚ್ಚಿದ್ದರೆ ಸಾಮಾನ್ಯ ಚಿಪ್ಪರ್ ಬೇಡ. ನಾರು ಡ್ರಮ್ಮಿಗೆ ಸುತ್ತಿಕೊಂಡು ದಿನವಿಡೀ ಬಿಡಿಸುತ್ತಾ ಕೂರಬೇಕಾದೀತು, ಗರಿಗೆಂದೇ ಮಾಡಿದ್ದನ್ನು ನೋಡಿ. ರಸ್ತೆ ಬದಿಯ ಮರಗಳಲ್ಲಿ ಜಾಹೀರಾತಿನ ಮೊಳೆ ಇದ್ದೇ ಇರುತ್ತದೆ ಎಂದುಕೊಂಡೇ ಬ್ಲೇಡಿಗೆ ಕೊಡಿ. ಲುಂಗಿ, ಹೆಗಲ ಮೇಲಿನ ಟವೆಲು, ಸಡಿಲ ಕೈಗವಸು ಚಿಪ್ಪರ್ ಹತ್ತಿರ ಸುಳಿಯಬಾರದು.

ಕೊಳ್ಳುವ ಮುನ್ನ ಒಂದು ಹಂಗಾಮು ಬಾಡಿಗೆಗೆ ಓಡಿಸಿ ನೋಡಿ. ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಏನೇನಿದೆ ಎಂದು ವಿಚಾರಿಸಿ. ಎಲ್ಲ ಕಡೆ ಚಿಪ್ಪರ್ ಇರುವುದಿಲ್ಲ, ಟ್ರ್ಯಾಕ್ಟರಂತೂ ಇರುತ್ತದೆ. ಬೇರು ತೆಗೆಯುವ ಗ್ರೈಂಡರ್ ಬೇಡವೇ ಬೇಡ, ಜೆಸಿಬಿ ಒಂದು ಗಂಟೆ ಸಾಕು.

ತೆಂಗು, ಅಡಿಕೆಯೂ ನಿಮ್ಮ ಕೆಲಸವಾದರೆ

ಮೇಲೆ ಹೇಳಿದ ಹಗ್ಗದ ಲೆಕ್ಕ ಇಲ್ಲಿ ನಡೆಯದು, ಕವಲೇ ಇಲ್ಲವಲ್ಲ. ತೆಂಗಿಗೆ ಕೇರಳದ ಚೆಂಬೇರಿ ಮಾದರಿಯ, ನಿಂತು ಹತ್ತುವ ಜೋಡಿ ಪೆಡಲ್ ಸಾಧನ ಚುರುಕು. ಕೂತು ಹತ್ತುವ ಮಾದರಿ ನಿಧಾನ, ಹೊಸಬರಿಗೆ ಧೈರ್ಯ ಕೊಡುತ್ತದೆ. ಯಾವುದಾದರೂ ಸರಿ, ಬೇರೆಯೇ ಒಂದು ಬೆಲ್ಟ್ ಮರಕ್ಕೆ ಸುತ್ತಿರಬೇಕು. ಅಡಿಕೆಗೆ ಬಂಟ್ವಾಳ ತಾಲ್ಲೂಕು ಸಜಿಪಮೂಡದ ಗಣಪತಿ ಭಟ್ಟರು ಮಾಡಿದ ಮರ ಹತ್ತುವ ಬೈಕ್ 2019ರಲ್ಲಿ ದೇಶವೆಲ್ಲ ಸುದ್ದಿಯಾಯಿತು. ಆದರೂ ಗುತ್ತಿಗೆಗೆ ಅಡಿಕೆ ಗೊನೆ ಕೊಯ್ದು, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ತಂಡಕ್ಕೆ ಕಾರ್ಬನ್ ಫೈಬರ್ ದೋಟಿಯೇ ಲಾಭ ಎನಿಸುತ್ತದೆ. ಒಬ್ಬನೂ ನೆಲ ಬಿಡುವುದಿಲ್ಲ, ಮಳೆ ಬಿಡುವು ಕೊಟ್ಟ ಅರ್ಧ ದಿನದಲ್ಲೂ ಕೆಲಸ ಸಾಗುತ್ತದೆ. ತೆಂಗು ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ. ಹೊಸ ಸಾಧನದ ಜೊತೆಗೇ ಅದನ್ನೂ ಮಾಡಿಸಿ.

ದುಡ್ಡು, ಕಾಗದ

ಮುದ್ರಾ ಸಾಲದಲ್ಲಿ ಶಿಶು ವಿಭಾಗ 50,000 ರೂಪಾಯಿವರೆಗೆ, ಕಿಶೋರ್ 5 ಲಕ್ಷದವರೆಗೆ. ಎರಡು ಸಣ್ಣ ಚೈನ್‌ಸಾಗಳಿಗೆ ಮೊದಲನೆಯದು ಹತ್ತಿರ ಹತ್ತಿರ ಸಾಲುತ್ತದೆ, ಪಿಕಪ್ ಅಥವಾ ಚಿಪ್ಪರ್‌ಗೆ ಎರಡನೆಯದು. ರೈತರ ಹೆಸರಿನಲ್ಲಿ ಸಿಗುವ ಸಬ್ಸಿಡಿ ಮಿಷನ್ ಎತ್ತಿ ಗುತ್ತಿಗೆಗೆ ಓಡಿಸುವ ಯೋಚನೆ ಹಲವರಿಗಿರುತ್ತದೆ. ಷರತ್ತು ಓದದೆ ಕೈ ಹಾಕಬೇಡಿ.

ಹೆಲ್ಮೆಟ್, ಕಿವಿಯ ಮುಚ್ಚಳ, ಕಣ್ಣಿಗೆ ಜಾಲರಿ, ಚೈನು ತಗುಲಿದರೆ ನಾರು ಬಿಟ್ಟುಕೊಂಡು ಮಿಷನ್ ನಿಲ್ಲಿಸುವ ಪ್ಯಾಂಟು: ಇವು ಮಿಷನ್ ಬೆಲೆಯಲ್ಲೇ ಸೇರಿವೆ ಎಂದು ಲೆಕ್ಕ ಹಾಕಿ. ಇವಕ್ಕೆ ದುಡ್ಡು ಉಳಿಯದಿದ್ದರೆ ಮಿಷನ್ ಕೊಳ್ಳುವಷ್ಟು ದುಡ್ಡು ಇನ್ನೂ ಸೇರಿಲ್ಲ.

ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಬೇಕು. ಕೆಲವು ಜಾತಿಯ ಮರಗಳಿಗೆ ವಿನಾಯಿತಿ ಇದೆ. ಅನುಮತಿ ತರುವುದು ಮಾಲೀಕರ ಹೊಣೆ ಎಂದು ಕೈ ತೊಳೆದುಕೊಳ್ಳದೆ ಪ್ರತಿಯನ್ನು ಕೇಳಿ ಪಡೆದು ಗಾಡಿಯಲ್ಲಿಟ್ಟುಕೊಳ್ಳಿ. ದಿಮ್ಮಿ ಸಾಗಿಸುವುದಿದ್ದರೆ ಅರಣ್ಯ ಇಲಾಖೆಯ ಪಾಸ್ ಬೇಕೇ ಎಂದು ರೇಂಜ್ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಯಾವಾಗ ಕೊಳ್ಳುವುದು? ಏಪ್ರಿಲ್‌–ಮೇ ಗಾಳಿಮಳೆ ಶುರುವಾಗಿ ಫೋನು ಬಡಿದುಕೊಳ್ಳತೊಡಗಿದ ಮೇಲೆ ಅಂಗಡಿಗೆ ಓಡಿದರೆ ಸಿಕ್ಕಿದ್ದನ್ನು ಹೇಳಿದ ಬೆಲೆಗೆ ತರಬೇಕಾಗುತ್ತದೆ. ತೋಟದಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಮುಗಿದು ಮುಂಗಾರು ಹಿಡಿಯುವ ಮುನ್ನಿನ ಮರಗಸಿಯೂ ಅದೇ ಹೊತ್ತಿಗೆ ಬರುತ್ತದೆ. ಫೆಬ್ರವರಿಯಲ್ಲೇ ಕೊಂಡಿಡಿ. ಹೊಸ ಹಗ್ಗ, ಹೊಸ ಹಾರ್ನೆಸ್ ಆಗಿದ್ದರೆ ಮಾರ್ಚ್ ಪೂರ್ತಿ ಕೈಗೆಟುಕುವ ಎತ್ತರದ ಮಾವಿನ ಮರದಲ್ಲಿ ಅಭ್ಯಾಸ ಮಾಡಿಸಿ, ಮೇಲಿನವನನ್ನು ಕೆಳಗಿನವನು ಹಗ್ಗದ ಮೇಲೆ ಇಳಿಸಿಕೊಳ್ಳುವುದನ್ನೂ ಸೇರಿಸಿ.